ಅಡ್ಡಪರಿಣಾಮವನ್ನೇ ಮದ್ದು ಮಾಡಿಕೊಂಡ ಕಥೆ

1957ರಲ್ಲಿ ಅಮೆರಿಕದ ವೈದ್ಯರಾದ ವಿಲಿಯಂ ಶ್ವಾರ್ಟ್ಸ್, ಫ್ರೆಡರಿಕ್ ಬಾರ್ಟರ್ ಮತ್ತು ಸಂಗಡಿಗರು ಇಬ್ಬರು ರೋಗಿಗಳ ಬಗ್ಗೆ ಬರೆದರು. ಇಬ್ಬರಿಗೂ ಶ್ವಾಸಕೋಶದ ಕ್ಯಾನ್ಸರ್. ರಕ್ತದಲ್ಲಿ ಸೋಡಿಯಂ ತೀರಾ ಕಡಿಮೆ, ಆದರೂ ಮೂತ್ರದಲ್ಲಿ ಉಪ್ಪು ಹೋಗ್ತಾನೇ ಇತ್ತು. ವಾಸೊಪ್ರೆಸಿನ್ ಅನ್ನೋ ಹಾರ್ಮೋನು ಬೇಡದ ಹೊತ್ತಲ್ಲೂ ‘ನೀರು ಹಿಡಿದಿಟ್ಕೋ’ ಅಂತ ಮೂತ್ರಪಿಂಡಕ್ಕೆ ಹೇಳ್ತಿದೆ ಎಂದು ಅವರು ಊಹಿಸಿದರು. ಸಾರಿಗೆ ಉಪ್ಪು ಸರಿಯಾಗೇ ಬಿದ್ದಿದೆ, ನೀರು ಜಾಸ್ತಿಯಾಗಿದೆ ಅಂತಾರಲ್ಲ, ಹೆಚ್ಚುಕಡಿಮೆ ಹಾಗೆ. ಆದರೆ ಇಲ್ಲಿ ಆ ನೀರು ಮೆದುಳಿನ ಜೀವಕೋಶಗಳಿಗೂ ನುಗ್ಗುತ್ತೆ. ಮೊದಲು ತಲೆನೋವು, ಗೊಂದಲ. ಆಮೇಲೆ ಫಿಟ್ಸ್, ಕೋಮಾ.

ಆಗ ಇದ್ದ ಮುಖ್ಯ ಉಪಾಯ ನೀರು ಕುಡಿಯೋದನ್ನ ಕಡಿಮೆ ಮಾಡೋದು. ಬಾಯಾರಿದವರಿಗೆ ಇದು ಚಿಕಿತ್ಸೆಗಿಂತ ಶಿಕ್ಷೆ.

ದಾರಿ ತೋರಿಸಿದ್ದು ಒಂದು ಆ್ಯಂಟಿಬಯಾಟಿಕ್. ಟೆಟ್ರಾಸೈಕ್ಲಿನ್ ಕುಟುಂಬದ ಡೆಮೆಕ್ಲೋಸೈಕ್ಲಿನ್ ತಗೊಂಡ ಕೆಲವರು ಪದೇ ಪದೇ ಮೂತ್ರಕ್ಕೆ ಹೋಗ್ತಿದ್ದರು. ಔಷಧಿ ಅವರ ಮೂತ್ರಪಿಂಡವನ್ನು ವಾಸೊಪ್ರೆಸಿನ್ ಮಾತಿಗೆ ಕಿವುಡು ಮಾಡಿತ್ತು. ಬೇರೆಯವರಿಗೆ ತೊಂದರೆ ಕೊಟ್ಟ ಈ ಗುಣವೇ ಈ ರೋಗಿಗಳಿಗೆ ಬೇಕಿತ್ತು! 1970ರ ದಶಕದಲ್ಲಿ ವೈದ್ಯರು ಅದನ್ನು ಬೇಕೆಂದೇ ಕೊಡತೊಡಗಿದರು. ಲಿಥಿಯಂ ಕೂಡ ಇದೇ ಕೆಲಸ ಮಾಡುತ್ತಿತ್ತು, ಆದರೆ ಅದರ ಉಪದ್ರವ ಹೆಚ್ಚು. ಡೆಮೆಕ್ಲೋಸೈಕ್ಲಿನ್ ಕೂಡ ಸಾಧು ಅಲ್ಲ: ಪರಿಣಾಮ ಕಾಣೋಕೆ ದಿನಗಳು ಬೇಕು, ಬಿಸಿಲಿಗೆ ಚರ್ಮ ಸುಡುತ್ತೆ, ಲಿವರ್ ಕೆಟ್ಟವರಲ್ಲಿ ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು.

ಕೊನೆಗೆ ಹಾರ್ಮೋನು ಕೂರುವ ಜಾಗವನ್ನೇ ಅಡ್ಡಗಟ್ಟುವ ‘ವ್ಯಾಪ್ಟಾನ್’ಗಳು ಬಂದವು. ಜಪಾನಿನ ಒಟ್ಸುಕಾ ಕಂಪನಿಯ ಟೋಲ್ವ್ಯಾಪ್ಟಾನ್ ಮಾತ್ರೆಗೆ 2009ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಉಪ್ಪು ಒಳಗೇ ಉಳಿಸಿ ನೀರನ್ನಷ್ಟೇ ಹೊರಗೆ ಹಾಕುವ ಮಾತ್ರೆ. ಚೆನ್ನಾಗಿ ಕೆಲಸ ಮಾಡ್ತಿತ್ತು. ಕೆಲವೊಮ್ಮೆ ಅತಿ ಚೆನ್ನಾಗಿ.

ನನಗೆ ಈ ಕಥೆಯ ನಿಜವಾದ ಭಯ ಇರೋದು ಇಲ್ಲೇ. ತೆಳು ರಕ್ತಕ್ಕೆ ನಿಧಾನವಾಗಿ ಒಗ್ಗಿದ ಮೆದುಳಿಗೆ ಸೋಡಿಯಂ ದಿಢೀರ್ ಏರಿದರೆ ತಡೆಯಲ್ಲ. ನರಗಳ ಹೊದಿಕೆ ಹಾಳಾಗುತ್ತೆ. ‘ವಾಸಿಯಾದ’ ರೋಗಿ ಕೆಲವು ದಿನ ಬಿಟ್ಟು ಮಾತಾಡಲಾರ, ನುಂಗಲಾರ. ಅದಕ್ಕೇ ಈ ಮಾತ್ರೆಯನ್ನು ಆಸ್ಪತ್ರೆಯಲ್ಲೇ ಶುರುಮಾಡಿ, ಪದೇ ಪದೇ ರಕ್ತ ಪರೀಕ್ಷಿಸಬೇಕು. 2013ರಲ್ಲಿ ಲಿವರ್‌ಗೆ ಹಾನಿಯ ಎಚ್ಚರಿಕೆಯೂ ಸೇರಿ, ಬಳಕೆಗೆ 30 ದಿನದ ಮಿತಿ ಬಂತು.

ಈ ನಡುವೆ ಬ್ರಸೆಲ್ಸ್‌ನ ಗೀ ಡಿಕೋ 1980ರ ದಶಕದಿಂದಲೇ ಅಗ್ಗದ ಯೂರಿಯಾ ಪುಡಿಯನ್ನು ನೀರಲ್ಲಿ ಕದಡಿ ಕೊಟ್ಟು ಸೋಡಿಯಂ ಏರಿಸ್ತಿದ್ದರು. ಕಹಿ ಅಂದ್ರೆ ಕಹಿ. ಯುರೋಪಿನ ವೈದ್ಯರು ಅದನ್ನು ಇವತ್ತಿಗೂ ಬರೆದುಕೊಡ್ತಾರೆ.