ಸೋಪಿನ ಶಿಲ್ಪ, ಕಂಪ್ಯೂಟರ್ ಆಮೆ

1960ರ ದಶಕದ ಕೊನೆಯ ವರ್ಷಗಳು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೆಕ್ಸಿಂಗ್ಟನ್ ಊರಿನ ಮಝಿ ಜೂನಿಯರ್ ಹೈಸ್ಕೂಲಿಗೆ ಸೀಮೋರ್ ಪ್ಯಾಪರ್ಟ್ ಎಂಬ ಗಣಿತಜ್ಞ ಹೋಗಿಬಂದು ಮಾಡುತ್ತಿದ್ದ. ಏಳನೇ ತರಗತಿಯ ಮಕ್ಕಳಿಗೆ ಕಂಪ್ಯೂಟರ್ ಭಾಷೆಯೊಂದನ್ನು ಕಲಿಸುವ ಪ್ರಯೋಗ ಅಲ್ಲಿ ನಡೆದಿತ್ತು. ದಾರಿಯಲ್ಲಿ ಚಿತ್ರಕಲೆಯ ಕೋಣೆ. ಒಳಗೆ ಮಕ್ಕಳು ಸೋಪಿನ ಗಟ್ಟಿಗಳನ್ನು ಕೆತ್ತುತ್ತಾ ಕೂತಿರುತ್ತಿದ್ದರು. ಪ್ಯಾಪರ್ಟ್ ನಿಂತು ನೋಡುತ್ತಿದ್ದ. ಗಣಿತದ ತರಗತಿಯಲ್ಲಿ ಒಂದು ಲೆಕ್ಕ ಐದು ನಿಮಿಷದಲ್ಲಿ ಸರಿಯೋ ತಪ್ಪೋ ಆಗಿ ಮುಗಿದುಹೋಗುತ್ತದೆ. ಇಲ್ಲಿ ಹಾಗಲ್ಲ. ಒಂದೊಂದು ಮಗುವಿನದು ಒಂದೊಂದು ಕಲ್ಪನೆ. ಕೆಲಸ ವಾರಗಟ್ಟಲೆ ನಡೆಯುತ್ತದೆ. ನಡುವೆ ಸುಮ್ಮನೆ ಕೂರಬಹುದು, ಪಕ್ಕದವನ ಸೋಪನ್ನು ಇಣುಕಬಹುದು, ಬಿಟ್ಟು ಮತ್ತೆ ಹಿಡಿಯಬಹುದು. ತನಗೆ ಹೊಟ್ಟೆಕಿಚ್ಚಾಯಿತೆಂದು ಅವನು ಮುಂದೊಮ್ಮೆ ಬರೆದ. ಗಣಿತವೂ ಸೋಪಿನ ಶಿಲ್ಪದಂತೆ ಆಗಬಾರದೇ?

ಮಕ್ಕಳ ಕಂಪ್ಯೂಟರ್ ಕಲಿಕೆಯ ಚರಿತ್ರೆಯನ್ನು ಈ ಸೋಪಿನಿಂದ ಶುರುಮಾಡುವುದು ನನಗಿಷ್ಟ. ಕೃತಕ ಬುದ್ಧಿಮತ್ತೆಯನ್ನು 2026–27ರಿಂದ ಮೂರನೇ ತರಗತಿಯಿಂದಲೇ ಕಲಿಸುವುದಾಗಿ ಕೇಂದ್ರ ಶಿಕ್ಷಣ ಇಲಾಖೆ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಮೇಲೆ ನಮ್ಮಲ್ಲಿ ಎದ್ದಿರುವ ಮಾತುಗಳನ್ನು ಕೇಳಿದರೆ, ಇದೆಲ್ಲ ನಿನ್ನೆ ಮೊನ್ನೆ ಹುಟ್ಟಿದ್ದು ಅನಿಸುತ್ತದೆ. ಆದರೆ ಎಳೆಯ ಮಕ್ಕಳು, ಚಿತ್ರ, ಸಂಗೀತ, ಕೃತಕ ಬುದ್ಧಿಮತ್ತೆ ಇವೆಲ್ಲ ಒಂದೇ ಕೋಣೆಯಲ್ಲಿ ಕೂಡಿದ್ದಕ್ಕೆ ಐವತ್ತು ವರ್ಷ ದಾಟಿದೆ. ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದ ಹಳೆಯ ಮೆಮೊಗಳು ಈಗ ಸ್ಕ್ಯಾನ್ ಆಗಿ ಎಲ್ಲರಿಗೂ ಸಿಗುತ್ತವೆ. ಟೈಪ್‌ರೈಟರಿನ ಅಕ್ಷರ, ಕೈಯಿಂದ ಬರೆದ ಚಿತ್ರ. ಪ್ರಬಂಧದ ಕೆಲಸ ಬಿಟ್ಟು ಅವನ್ನು ಓದುತ್ತಾ ಕೂರುವುದು ನನಗೊಂದು ಚಟವಾಗಿದೆ. ನನ್ನ ಮಾರ್ಗದರ್ಶಕರು ಇದನ್ನು ಓದುವುದಿಲ್ಲವೆಂದುಕೊಂಡಿದ್ದೇನೆ.

ಪ್ಯಾಪರ್ಟ್ ಹುಟ್ಟಿದ್ದು 1928ರಲ್ಲಿ, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ. ಜಿನೀವಾದಲ್ಲಿ ಕೆಲ ವರ್ಷ ಜೀನ್ ಪಿಯಾಜೆಯ ಜೊತೆ ಕೆಲಸ ಮಾಡಿ, ಮಕ್ಕಳ ತಪ್ಪುಗಳಿಗೂ ಅವುಗಳದೇ ತರ್ಕ ಇರುತ್ತದೆ ಎಂಬುದನ್ನು ಕಲಿತು, ಎಂಐಟಿಗೆ ಬಂದ. ಅಲ್ಲಿ ಮಾರ್ವಿನ್ ಮಿನ್ಸ್ಕಿಯ ಸಂಗಡ ಕೃತಕ ಬುದ್ಧಿಮತ್ತೆ ಪ್ರಯೋಗಾಲಯವನ್ನು ನಡೆಸಿದ. 1967ರಲ್ಲಿ ವಾಲಿ ಫರ್ಜೈಗ್, ಸಿಂಥಿಯಾ ಸಾಲೊಮನ್ ಮೊದಲಾದವರೊಂದಿಗೆ ಸೇರಿ ರೂಪಿಸಿದ ಭಾಷೆಯೇ ಲೋಗೊ.

ಆ ಶಾಲೆಯಲ್ಲಿ ತೆರೆಯೂ ಇರಲಿಲ್ಲ, ಮೌಸೂ ಇರಲಿಲ್ಲ. ಟೆಲಿಟೈಪ್ ಯಂತ್ರದಲ್ಲಿ ಮಕ್ಕಳು ಟೈಪ್ ಮಾಡಿದರೆ ಫೋನ್ ತಂತಿಯ ಆಚೆಗಿದ್ದ ಕಂಪ್ಯೂಟರ್ ಉತ್ತರ ಕೊಡುತ್ತಿತ್ತು. ಪ್ಯಾಪರ್ಟ್‌ನ 'ಮೈಂಡ್‌ಸ್ಟಾರ್ಮ್ಸ್' (1980) ಪುಸ್ತಕದಲ್ಲಿ 13 ವರ್ಷದ ಹುಡುಗಿಯೊಬ್ಬಳ ಪ್ರಸಂಗವಿದೆ. ಕಂಪ್ಯೂಟರಿನಿಂದ ಕವಿತೆಯಂಥ ಸಾಲುಗಳನ್ನು ಬರೆಸುವುದು ಅವಳ ತರಗತಿ ಕೈಗೆತ್ತಿಕೊಂಡ ಕೆಲಸ. ಪದಗಳ ಪಟ್ಟಿ ಕೊಟ್ಟು, ಅವುಗಳಿಂದ ಆರಿಸಿ ಜೋಡಿಸೆಂದು ಯಂತ್ರಕ್ಕೆ ಹೇಳಬೇಕು. ಎಲ್ಲ ಪದಗಳನ್ನೂ ಒಂದೇ ಪಟ್ಟಿಗೆ ಸುರಿದರೆ ಬರುವುದು ಬರೀ ಕಲಸುಮೇಲೋಗರ. ಹೆಸರುಗಳಿಗೊಂದು ಪಟ್ಟಿ, ಕ್ರಿಯೆಗಳಿಗೊಂದು ಪಟ್ಟಿ ಬೇಕೇಬೇಕು. ಆಗ ಅವಳಿಗೆ ಹೊಳೆಯಿತು: ನಾಮಪದ, ಕ್ರಿಯಾಪದ ಅಂತ ಮೇಷ್ಟ್ರು ಇಷ್ಟು ವರ್ಷ ಬಡಿದುಕೊಂಡದ್ದು ಇದಕ್ಕೇ! ವ್ಯಾಕರಣ ಅವಳಿಗೆ ಅಂದಿನವರೆಗೆ ಪರೀಕ್ಷೆಯ ಪೀಡೆ. ಅಂದಿನಿಂದ ಅವಳದೇ ಉಪಕರಣ.

ಇಂದು ಮೂರನೇ ತರಗತಿಯ ಮಗು ಮಳೆಯ ಮೇಲೊಂದು ಕವಿತೆ ಬೇಕೆಂದರೆ ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಕೊಡುತ್ತದೆ. ಪ್ರಾಸ, ವ್ಯಾಕರಣ ಎಲ್ಲ ಸರಿ. ಆ ಹುಡುಗಿಯ ಯಂತ್ರ ಬರೆದದ್ದು ಇದರ ಮುಂದೆ ಏನೇನೂ ಅಲ್ಲ. ಆದರೆ ಅಲ್ಲಿ ಯಂತ್ರ ದಡ್ಡನಾಗಿತ್ತು, ಮಗು ಮೇಷ್ಟ್ರಾಗಿತ್ತು. ಪ್ಯಾಪರ್ಟ್‌ನ ವಾದದ ತಿರುಳೂ ಅದೇ: ಯಂತ್ರಕ್ಕೆ ಯೋಚಿಸಲು ಹೇಳಿಕೊಡುವಾಗ ಮಗು ತಾನು ಯೋಚಿಸುವ ಬಗೆಯನ್ನೇ ಎದುರಿಗಿಟ್ಟು ನೋಡುತ್ತದೆ. ಕೃತಕ ಬುದ್ಧಿಮತ್ತೆಯಿಂದ ಶಾಲೆಗೆ ಅವನು ತರಬಯಸಿದ್ದು ಈ ಕನ್ನಡಿಯನ್ನು.

ಆಮೆ ಬಂದದ್ದು 1970ರ ಸುಮಾರಿಗೆ. ನೆಲದ ಮೇಲೆ ಓಡುವ ಪುಟ್ಟ ರೋಬೋ, ಹೊಟ್ಟೆಯಡಿಯಲ್ಲಿ ಪೆನ್ನು. ಬ್ರಿಟನ್ನಿನ ಗ್ರೇ ವಾಲ್ಟರ್ 1940ರ ದಶಕದ ಕೊನೆಗೆ ಮಾಡಿದ ಯಂತ್ರ-ಆಮೆಗಳಿಂದ ಅದಕ್ಕೆ ಆ ಹೆಸರು. ವೃತ್ತ ಹೇಗೆ ಬರೆಸುವುದೆಂದು ತೋಚದಿದ್ದರೆ ಮಗು ಎದ್ದು ತಾನೇ ಸುತ್ತು ನಡೆದು ನೋಡಬೇಕು: ಚೂರು ಮುಂದೆ, ಚೂರು ತಿರುಗು, ಚೂರು ಮುಂದೆ. ರೇಖಾಗಣಿತ ಕಾಲಿನಿಂದ ತಲೆಗೆ ಏರುತ್ತಿತ್ತು.

ಸಂಗೀತದ ಭಾಗ ಹೆಚ್ಚು ಜನರಿಗೆ ಗೊತ್ತಿಲ್ಲ. ಜೀನ್ ಬ್ಯಾಂಬರ್ಗರ್ ಪಿಯಾನೊ ಕಲಾವಿದೆ, ಆರ್ಟುರ್ ಶ್ನಾಬೆಲ್‌ನ ಶಿಷ್ಯೆ. 1970ರ ದಶಕದಲ್ಲಿ ಲೋಗೊ ಗುಂಪಿಗೆ ಬಂದ ಆಕೆ ಮಕ್ಕಳಿಗೆ ಒಂದೊಂದೇ ಸ್ವರ ಕೊಡಲಿಲ್ಲ. ಕಂಪ್ಯೂಟರ್ ನುಡಿಸುವ ರಾಗದ ತುಣುಕುಗಳನ್ನು ಕೊಟ್ಟು, ಜೋಡಿಸಿ ಹಾಡು ಕಟ್ಟಿಸಿದಳು. ಅವಳ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಪ್ರಿಯ. ಅದಕ್ಕೆ ಕಾಗದ, ಪೆನ್ಸಿಲ್ ಸಾಕು. ಚಪ್ಪಾಳೆಯ ಲಯವೊಂದನ್ನು ತಟ್ಟಿ, ಬೇರೆಯವರು ನೋಡಿ ತಟ್ಟುವಂತೆ ಬರೆಯಿರಿ ಎಂದಳು. ಕೆಲವು ಮಕ್ಕಳು ಎರಡು ಚಪ್ಪಾಳೆಗಳ ನಡುವಿನ ಕಾಲವನ್ನು ಅಳೆದು ಬರೆದರು. ಇನ್ನು ಕೆಲವರು ಚಪ್ಪಾಳೆಗಳನ್ನು ಗುಂಪುಗುಂಪಾಗಿ, ಕೈ ಬೀಸಿದಂತೆ ಬರೆದರು. ಶಾಲೆ ಮೊದಲನೆಯದಕ್ಕೆ ಅಂಕ ಕೊಡುತ್ತದೆ. ಆದರೆ ನುಡಿಗಟ್ಟಿನ ಉಸಿರನ್ನು ಹಿಡಿದವರು ಎರಡನೆಯವರು. ಸಂಗೀತಗಾರನಿಗೆ ಎರಡೂ ಕಿವಿ ಬೇಕೆಂದು ಬ್ಯಾಂಬರ್ಗರ್ ವಾದಿಸಿದಳು. ತಾಳ ಹಾಕಿ ಎಣಿಸಿಯೂ ಹಾಡು ನೀರಸವಾದ ಕಛೇರಿಯಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನೂ ಎಳೆಯರಿಗಾಗಿ, ಮೂರೂವರೆ–ಐದು ವರ್ಷದವರಿಗೆ, ರೇಡಿಯಾ ಪರ್ಲ್‌ಮನ್ ಎಂಬ ವಿದ್ಯಾರ್ಥಿನಿ 1970ರ ದಶಕದ ನಡುವಿನಲ್ಲಿ ಗುಂಡಿಗಳ ಪೆಟ್ಟಿಗೆಯನ್ನೂ ಕಾರ್ಡು ತೂರಿಸುವ ಯಂತ್ರವನ್ನೂ ಮಾಡಿದಳು. ಓದುಬರಹ ಬಾರದ ಮಕ್ಕಳು ಕಾರ್ಡುಗಳನ್ನು ಸಾಲಾಗಿ ಸಿಕ್ಕಿಸಿ ಆಮೆಯನ್ನು ಓಡಿಸಿದರು. ಅವಳು ಆ ಕೆಲಸವನ್ನು ಮುಂದುವರಿಸಲಿಲ್ಲ. ಗಂಡಸರೇ ತುಂಬಿದ್ದ ಜಾಗದಲ್ಲಿ ಪುಟ್ಟ ಮಕ್ಕಳ ಜೊತೆ ಕಂಡರೆ ತನ್ನನ್ನು ಗಂಭೀರ ವಿಜ್ಞಾನಿಯೆಂದು ಯಾರೂ ಎಣಿಸರೆಂಬ ಅಳುಕು ಕಾರಣವೆಂದು ಆಮೇಲೆ ಹೇಳಿಕೊಂಡಳು. ಮುಂದೆ ಕಂಪ್ಯೂಟರ್ ಜಾಲಗಳಿಗೆ ಆಧಾರವಾದ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು ಕೊಟ್ಟವಳು ಅವಳೇ. ಅಂತರ್ಜಾಲಕ್ಕೆ ಲಾಭ, ಶಿಶುವಿಹಾರಕ್ಕೆ ನಷ್ಟ.

ಲೋಗೊ ಗೆದ್ದಿತೇ? 1984ರಲ್ಲಿ ರಾಯ್ ಪೀ ಮತ್ತು ಮಿಡಿಯನ್ ಕರ್ಲೆಂಡ್, ಲೋಗೊ ಕಲಿತ ಮಕ್ಕಳ ಯೋಜನಾಶಕ್ತಿ ಬೇರೆ ಕೆಲಸಗಳಲ್ಲಿ ಹೆಚ್ಚಿದ್ದು ಕಾಣಲಿಲ್ಲ ಎಂದರು. ಪ್ಯಾಪರ್ಟ್ 1987ರಲ್ಲಿ ಉತ್ತರಿಸಿದ: ಮರದಿಂದ ಒಳ್ಳೆಯ ಮನೆ ಆಗುತ್ತದೆಯೇ ಎಂದು ಕೇಳಿದ ಹಾಗಾಯಿತು, ಬಡಗಿ ಯಾರು, ಕಟ್ಟಿದ್ದು ಹೇಗೆ ಎಂದು ಕೇಳಬೇಡವೇ? ಜಾಣ ಉತ್ತರವೇನೋ ಹೌದು, ಆದರೆ ಪೂರ್ತಿ ಉತ್ತರವಲ್ಲ. ಮಕ್ಕಳ ಯೋಚನೆಯೇ ಬದಲಾಗುತ್ತದೆಂಬ ಭರವಸೆ ಹುಟ್ಟಿಸಿದವನು ಅವನೇ ತಾನೆ.

ಅವನ ಇನ್ನೊಂದು ದೂರು ಮಾತ್ರ ನನಗೆ ಸರಿಯೆನಿಸುತ್ತದೆ. ಶಾಲೆ ಕಂಪ್ಯೂಟರನ್ನು ತಿರಸ್ಕರಿಸಲಿಲ್ಲ, ಜೀರ್ಣಿಸಿಕೊಂಡಿತು: ಅದಕ್ಕೊಂದು ಬೇರೆ ಕೋಣೆ, ಒಬ್ಬ ಮೇಷ್ಟ್ರು, ಒಂದು ಪಠ್ಯಕ್ರಮ. ನಮ್ಮ ಪೀಳಿಗೆಯ ಎಷ್ಟೋ ಜನ ಲೋಗೊವನ್ನು ಕಂಡದ್ದು ಹಾಗೆಯೇ. ಚಪ್ಪಲಿ ಹೊರಗೆ ಬಿಟ್ಟು ಲ್ಯಾಬಿನೊಳಗೆ ಹೋಗಿ, ಒಂದು ಯಂತ್ರಕ್ಕೆ ಮೂವರಂತೆ ಕೂತು, ಪುಸ್ತಕದಲ್ಲಿದ್ದ ಚೌಕದ ಆಜ್ಞೆಗಳನ್ನು ಟೈಪ್ ಮಾಡಿದೆವು. ಪರೀಕ್ಷೆಯಲ್ಲಿ ಅದೇ ಆಜ್ಞೆಗಳನ್ನು ಕಾಗದದ ಮೇಲೆ ಬರೆದು ಎರಡು ಅಂಕ ಪಡೆದೆವು. ತೆರೆಯ ಮೇಲಿನ ಆ ತ್ರಿಕೋನಕ್ಕೆ ಆಮೆ ಎಂದು ಏಕನ್ನುತ್ತಾರೆಂದು ಯಾರೂ ಕೇಳಲಿಲ್ಲ. ಮೂರನೇ ತರಗತಿಯ ಹೊಸ ಪಠ್ಯದ ಬಗ್ಗೆ ನನಗಿರುವ ಭಯ ಯಂತ್ರದ್ದಲ್ಲ, ಈ ಎರಡು ಅಂಕದ್ದು.

ಪ್ಯಾಪರ್ಟ್ ಮತ್ತು ಸಾಲೊಮನ್ 1971ರಲ್ಲಿ ಬರೆದ ಮೆಮೊ ಒಂದರ ಹೆಸರು 'ಕಂಪ್ಯೂಟರಿನಿಂದ ಮಾಡಬಹುದಾದ ಇಪ್ಪತ್ತು ಕೆಲಸ' ಎಂದು. ಆಮೆಯಿಂದ ಚಿತ್ರ ಬರೆಸುವುದು, ಹಾಡು ಕಟ್ಟುವುದು, ಗೊಂಬೆ ಕುಣಿಸುವುದು ಎಲ್ಲವೂ ಅದರಲ್ಲಿವೆ. ಇಪ್ಪತ್ತನೆಯದಾಗಿ ಅವರು ಬರೆದದ್ದು ಇಷ್ಟು: ಇನ್ನೂ ಇಪ್ಪತ್ತು ಕೆಲಸಗಳನ್ನು ನೀವೇ ಯೋಚಿಸಿ.