ಐದು ದಿನವಾದ್ರೂ ಬಿಡದ ಜ್ವರ, ಮೈಯೆಲ್ಲ ಕೆಂಪು: ಬರೀ 'ಅಮ್ಮ' ಅನ್ಕೊಂಡು ಕಾಯಬೇಡಿ, ಕಾವಾಸಾಕಿ ಇರಬಹುದು

ಮಗುವಿಗೆ ಜ್ವರ ಬಂದು ಮೈಮೇಲೆ ಕೆಂಪು ಎದ್ದರೆ ನಮ್ಮ ಕಡೆ ಮೊದಲು ಬರೋ ಮಾತು 'ಅಮ್ಮ ಬಂದಿದೆ', ಇಲ್ಲಾಂದ್ರೆ 'ದಡಾರ'. ಬೇವಿನ ಸೊಪ್ಪು ಹಾಸಿ ಮಲಗಿಸ್ತಾರೆ, ಮೆಡಿಕಲ್‌ನಿಂದ ಸಿರಪ್ ತರ್ತಾರೆ, ಒಂದು ವಾರ ನೋಡೋಣ ಅಂತಾರೆ. ಬಹಳಷ್ಟು ಮಕ್ಕಳಿಗೆ ಅದು ಸಾಮಾನ್ಯ ವೈರಲ್ ಜ್ವರವೇ. ಆದರೆ ಅಪರೂಪಕ್ಕೆ ಅದು ಕಾವಾಸಾಕಿ ಕಾಯಿಲೆ ಆಗಿದ್ದರೆ, ಕಾದ ಆ ಒಂದು ವಾರ ಮಗುವಿನ ಹೃದಯಕ್ಕೆ ಪೆಟ್ಟು ಕೊಡಬಹುದು.

ಏನಿದು ಕಾವಾಸಾಕಿ?

ಜಪಾನಿನ ಮಕ್ಕಳ ವೈದ್ಯ ಟೊಮಿಸಾಕು ಕಾವಾಸಾಕಿ ಅವರು 1967ರಲ್ಲಿ ಇಂಥ 50 ಮಕ್ಕಳ ಬಗ್ಗೆ ವರದಿ ಬರೆದರು, ಹೆಸರು ಅವರದ್ದೇ. ಹೆಚ್ಚಾಗಿ 5 ವರ್ಷದೊಳಗಿನ ಮಕ್ಕಳಿಗೆ ಬರುತ್ತೆ. ರಕ್ತನಾಳಗಳು ಊದಿಕೊಳ್ಳುತ್ತವೆ. ನಿಖರ ಕಾರಣ ಇನ್ನೂ ಪತ್ತೆಯಾಗಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗ ಅಲ್ಲ.

ಮೈಮೇಲೆ ನೋಡಬೇಕಾದ್ದು

ಐದು ದಿನ ಅಥವಾ ಹೆಚ್ಚು ಜ್ವರ, ಜೊತೆಗೆ ಇವುಗಳಲ್ಲಿ ನಾಲ್ಕು ಇದ್ದರೆ ವೈದ್ಯರು ಕಾವಾಸಾಕಿ ಅಂತ ತೀರ್ಮಾನಿಸ್ತಾರೆ:

- ಎರಡೂ ಕಣ್ಣು ಕೆಂಪು, ಆದರೆ ಪಿಸುರು ಇರಲ್ಲ.
- ತುಟಿ ಕೆಂಪಾಗಿ ಒಡೆದಿರುತ್ತೆ. ನಾಲಿಗೆ ಸ್ಟ್ರಾಬೆರಿ ಹಣ್ಣಿನ ಹಾಗೆ ಕೆಂಪು, ಮೇಲೆ ಸಣ್ಣ ಸಣ್ಣ ಉಬ್ಬು.
- ಮೈಮೇಲೆ ಕೆಂಪು ದದ್ದು. ನೀರುಗುಳ್ಳೆ ಇರಲ್ಲ. ತೊಡೆ ಸಂದಿಯಲ್ಲಿ ಜಾಸ್ತಿ ಕಾಣಬಹುದು.
- ಅಂಗೈ, ಅಂಗಾಲು ಕೆಂಪಾಗಿ ಊದಿಕೊಳ್ಳುತ್ತೆ.
- ಕುತ್ತಿಗೆಯಲ್ಲಿ, ಸಾಮಾನ್ಯವಾಗಿ ಒಂದೇ ಕಡೆ, ಗಡ್ಡೆ.

ಇನ್ನೊಂದು ಗುರುತು ನಮ್ಮ ಮಕ್ಕಳಲ್ಲಿ ನೋಡೋದು ಸುಲಭ. ಹುಟ್ಟಿದಾಗ ಎಡತೋಳಿಗೆ ಹಾಕಿದ ಬಿಸಿಜಿ ಚುಚ್ಚುಮದ್ದಿನ ಕಲೆ ಇದ್ದಕ್ಕಿದ್ದ ಹಾಗೆ ಕೆಂಪಾಗಿ ಗಟ್ಟಿಯಾದರೆ ಡಾಕ್ಟರಿಗೆ ತೋರಿಸಿ. ಎಲ್ಲ ಮಕ್ಕಳಲ್ಲೂ ಹೀಗಾಗಲ್ಲ, ಆದರೆ ಆದರೆ ಅದು ಮುಖ್ಯ ಸುಳಿವು.

ಕಪ್ಪು ಮೈಬಣ್ಣದ ಮಕ್ಕಳಲ್ಲಿ ದದ್ದು ಸರಿಯಾಗಿ ಕಾಣಲ್ಲ. ಹಗಲು ಬೆಳಕಲ್ಲಿ ಬಟ್ಟೆ ಬಿಚ್ಚಿ ನೋಡಿ. ಎಲ್ಲ ಲಕ್ಷಣ ಒಟ್ಟಿಗೇ ಬರಲ್ಲ, ಒಂದು ಬಂದು ಹೋದ ಮೇಲೆ ಇನ್ನೊಂದು ಬರಬಹುದು. ಅದಕ್ಕೇ ಕಂಡ ದಿನವೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ.

ಜ್ವರ ಬಿಟ್ಟಿತು ಅಂದರೆ ವಾಸಿಯಾಯ್ತು ಅಂತಲ್ಲ

ಮೋಸ ಆಗೋದು ಇಲ್ಲೇ. ಚಿಕಿತ್ಸೆ ಇಲ್ಲದಿದ್ದರೂ ಎರಡು ವಾರದ ಹೊತ್ತಿಗೆ ಜ್ವರ ತಾನಾಗೇ ಇಳಿಯಬಹುದು. ಆಮೇಲೆ ಉಗುರಿನ ಸುತ್ತ ಚರ್ಮ ಸುಲಿಯೋಕೆ ಶುರುವಾಗುತ್ತೆ. ಮನೆಯವರು ವಾಸಿಯಾಯ್ತು ಅನ್ಕೊಂತಾರೆ. ಆದರೆ ಚಿಕಿತ್ಸೆ ಸಿಗದ ಪ್ರತಿ ನಾಲ್ಕು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಹೃದಯಕ್ಕೆ ರಕ್ತ ಕೊಡುವ ನಾಳ ಉಬ್ಬಿಕೊಳ್ಳುತ್ತೆ. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಮಗುವಿಗೂ ಹಾರ್ಟ್ ಅಟ್ಯಾಕ್ ಆಗಬಹುದು.

ಚಿಕಿತ್ಸೆ ಇದೆ, ಗಡುವೂ ಇದೆ

ಐವಿಐಜಿ ಅನ್ನೋ ಔಷಧಿಯನ್ನ ಡ್ರಿಪ್ ಮೂಲಕ ಕೊಡ್ತಾರೆ. ರಕ್ತದಾನಿಗಳ ಪ್ಲಾಸ್ಮಾದಿಂದ ತಯಾರಾಗುವ ಔಷಧಿ ಇದು. ಜ್ವರ ಶುರುವಾದ 10 ದಿನದೊಳಗೆ ಕೊಟ್ಟರೆ ನಾಳ ಉಬ್ಬುವ ಅಪಾಯ ನೂರಕ್ಕೆ 25ರಿಂದ ಸುಮಾರು 5ಕ್ಕೆ ಇಳಿಯುತ್ತೆ. ಜೊತೆಗೆ ಆಸ್ಪಿರಿನ್ ಕೊಡ್ತಾರೆ. ಅದನ್ನ ವೈದ್ಯರು ಹೇಳದೆ ಮನೆಯಲ್ಲಿ ಯಾವ ಮಗುವಿಗೂ ಕೊಡಬೇಡಿ. ಎಕೋ ಪರೀಕ್ಷೆಯಲ್ಲಿ ಹೃದಯದ ನಾಳ ನೋಡ್ತಾರೆ, ಕೆಲವು ವಾರದ ನಂತರ ಮತ್ತೆ ಮಾಡ್ತಾರೆ. ಅದನ್ನ ತಪ್ಪಿಸಬೇಡಿ. ಔಷಧಿ ದುಬಾರಿ, ತೂಕದ ಮೇಲೆ ಡೋಸ್. ಸರ್ಕಾರಿ ಯೋಜನೆಯಲ್ಲಿ ನೆರವು ಸಿಗುತ್ತಾ ಅಂತ ಆಸ್ಪತ್ರೆಯಲ್ಲೇ ಕೇಳಿ. ಐವಿಐಜಿ ಆದ ಮೇಲೆ ದಡಾರದಂಥ ಕೆಲವು ಲಸಿಕೆ ತಿಂಗಳುಗಟ್ಟಲೆ ಮುಂದೂಡಬೇಕಾಗುತ್ತೆ, ಆಶಾ ಕಾರ್ಯಕರ್ತೆಗೂ ತಿಳಿಸಿ.

ಮನೆಯವರಿಗೆ, ಮೆಡಿಕಲ್ ಶಾಪ್‌ನವರಿಗೆ

ಜ್ವರ ಶುರುವಾದ ದಿನ ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಡಾಕ್ಟರ್ ಮೊದಲು ಕೇಳೋದೇ ಅದನ್ನ. ಕಣ್ಣು, ತುಟಿ ಕೆಂಪಾಗಿದ್ದರೆ ಐದನೇ ದಿನದವರೆಗೂ ಕಾಯಬೇಕಿಲ್ಲ, ಮಕ್ಕಳ ತಜ್ಞರ ಹತ್ತಿರ ಹೋಗಿ. ಆರು ತಿಂಗಳೊಳಗಿನ ಕೂಸಿಗೆ ಲಕ್ಷಣ ಕಮ್ಮಿ, ಅಪಾಯ ಜಾಸ್ತಿ. ಅವರಿಗೆ ಯಾವ ಜ್ವರವಿದ್ದರೂ ತಡ ಮಾಡಲೇಬೇಡಿ.

ಮೆಡಿಕಲ್‌ನವರೇ, ಒಂದೇ ಮಗುವಿಗೆ ವಾರದಲ್ಲಿ ಎರಡನೇ ಸಲ ಜ್ವರದ ಸಿರಪ್ ಕೇಳಿಕೊಂಡು ಬಂದರೆ, 'ಎಷ್ಟು ದಿನ ಆಯ್ತು, ಕಣ್ಣು ಕೆಂಪಾಗಿದೆಯಾ' ಅಂತ ಒಂದು ಮಾತು ಕೇಳಿ.