ಅವ್ವನ ಹುರಮಂಜಿ

ಹಾನಗಲ್ಲಿನ ನಮ್ಮ ಹಳೇ ಮನೆಗೆ ಬಣ್ಣ ಹೊಡೆಸಬೇಕಿತ್ತು. ಶೇಡ್ ಕಾರ್ಡ್ ನೋಡಿ ಕಡುಗಂದು ಮಣ್ಣಿನ ಬಣ್ಣವೊಂದನ್ನು ಆರಿಸಿದೆ. ಅವ್ವ ನಕ್ಕಳು: "ಇದು ನಮ್ಮ ಹುರಮಂಜಿ ಅಲ್ಲೇನೋ? ಇದಕ್ಕ್ಯಾಕ ಇಷ್ಟು ರೊಕ್ಕಾ?"

ಹೌದಲ್ಲ! ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿಯ ಹಳೇ ಮನೆ ನೋಡಿದರೂ ಗೋಡೆಗೆ ಸುಣ್ಣ, ಬುಡಕ್ಕೆ ಕೆಂಪು ಕಾರಣೆ.

ಹುರಮಂಜಿ ಅನ್ನೋ ಹೆಸರು ಬಂದದ್ದು ಪರ್ಷಿಯಾ ಕೊಲ್ಲಿಯ ಹೊರ್ಮುಜ್‌ನಿಂದ. ಕಬ್ಬಿಣದ ಅಂಶದಿಂದ ಆ ದ್ವೀಪದ ಮಣ್ಣೇ ಕೆಂಪು. ವಿಜಯನಗರಕ್ಕೆ ಕುದುರೆಗಳು ಹಡಗೇರಿದ ಬಂದರೂ ಅದೇ. 1515ರಿಂದ 1622ರವರೆಗೆ ಪೋರ್ಚುಗೀಸರ ಕೈಲಿತ್ತು. ಬಂದರಿನ ವೈಭವ ಮುಗಿಯಿತು, ಹೆಸರು ಮಾತ್ರ ನಮ್ಮ ಗೋಡೆಗೆ ಅಂಟಿಕೊಂಡಿತು.

ಕಾರ್ಡಿನಲ್ಲಿ ಈ ಬಣ್ಣಕ್ಕಿರೋದು ಇಂಗ್ಲಿಷ್ ಹೆಸರು. ಬಣ್ಣವೇನೋ ಉಳಿಯುತ್ತೆ, ಅವ್ವನ ನಂತರ ಆ ಶಬ್ದ?

ನಿಮ್ಮೂರಲ್ಲಿ ಇದಕ್ಕೇನಂತಾರೆ? ತಿಳಿಸಿ.